ಕಾಳಿಯ ಮೇಲೆ ಒಂದು ತಾಸು

ಗಣೇಶಗುಡಿಯಲ್ಲಿ ರಬ್ಬರ್ ದೋಣಿ ಹತ್ತುವಾಗ ನನ್ನ ಕೈ ನಡುಗುತ್ತಿತ್ತು. ಮಗಳು ನಕ್ಕಳು. ನದಿಯ ರಭಸವನ್ನು 1ರಿಂದ 6ರವರೆಗೆ ಅಳೆಯುತ್ತಾರಂತೆ. "ಇಲ್ಲಿಯದು 2, 3 ಅಷ್ಟೇ ಸಾರ್, ಜಾಕೆಟ್ ಬಿಗಿಯಾಗಿರಲಿ" ಎಂದ ದೋಣಿಯ ಹುಡುಗ. ಮೊದಲ ಇಳಿತದಲ್ಲೇ ಕಾಳಿ ನಮ್ಮನ್ನೆತ್ತಿ ಕುಕ್ಕಿದಳು. ಮಗಳು ಕೇಕೆ ಹಾಕಿದಳು, ನಾನು ಅಲ್ಲಾಹನನ್ನು ನೆನೆದೆ.

ನೀರು ಶಾಂತವಾದಾಗ ಹುಡುಗ ಹೇಳಿದ: "ಸೂಪಾ ಅಣೆಕಟ್ಟಿನಲ್ಲಿ ಕರೆಂಟು ತೆಗೆದು ನೀರು ಬಿಟ್ಟರೇ ನಮಗೆ ಕೂಲಿ. ನಮ್ಮಜ್ಜನ ಮನೆ ಅದೇ ಹಿನ್ನೀರಿನ ತಳದಲ್ಲಿದೆ."

1987ರಲ್ಲಿ ಮುಗಿದ ಆ ಅಣೆಕಟ್ಟು ಸೂಪಾ ಊರನ್ನೇ ನುಂಗಿತ್ತು. ಆ ನೀರಿನ ಮೇಲೆಯೇ ಮೊಮ್ಮಗ ಹುಟ್ಟು ಹಾಕುತ್ತಿದ್ದಾನೆ. ದುಡ್ಡು ಕೊಟ್ಟು ಒಂದು ತಾಸಿನ ಭಯ ಕೊಂಡ ನಾನು, ಊರು ಕಳೆದುಕೊಂಡವರ ಭಯವನ್ನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.