ಅಮ್ಮಿ ತಂದಿಟ್ಟ ಪೆನ್ನು

ಸಹೋದರಿ, ‘ಈ ವಯಸ್ಸಿನಲ್ಲಿ ಇನ್ನೇನು ಬರೆಯುವುದು?’ ಎಂದು ನೀವೂ ಪೆನ್ನು ಕೆಳಗಿಟ್ಟಿರಬಹುದು. ತುಳಸಿಗೇರಿಯಲ್ಲಿ ನಾನೂ ಹಾಗೆಯೇ ಕುಳಿತಿದ್ದೆ. ಅಬ್ಬಾ ಬಾಗಲಕೋಟೆಯಿಂದ ತರುತ್ತಿದ್ದ ವಾರಪತ್ರಿಕೆಯಲ್ಲಿ ಗೌರಿ ಲಂಕೇಶರ ‘ಕಂಡ ಹಾಗೆ’ ಅಂಕಣ ಓದಿದ ಮೇಲೆ ಬರೆಯತೊಡಗಿದೆ.

ಅದುವರೆಗೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಗೌರಿ, ತಂದೆ ಪಿ. ಲಂಕೇಶ್ ತೀರಿಕೊಂಡ 2000ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ ಕನ್ನಡ ಬರವಣಿಗೆ ರೂಢಿಸಿಕೊಂಡರು. 2005ರಲ್ಲಿ ಸ್ವಂತ ಪತ್ರಿಕೆ ಆರಂಭಿಸಿದರು, ಜಾಹೀರಾತು ಮುಟ್ಟಲಿಲ್ಲ. 2016ರಲ್ಲಿ ಮಾನನಷ್ಟ ಮೊಕದ್ದಮೆಯಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ಜಾಮೀನು ಪಡೆದು ಮತ್ತೆ ಬರೆದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯೆದುರೇ ಅವರನ್ನು ಗುಂಡಿಟ್ಟು ಕೊಂದರು.

ಅವರ ಎಲ್ಲ ಮಾತೂ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಆದರೂ ಆ ರಾತ್ರಿ ಅತ್ತೆ. ‘ಇನ್ನು ನೀನು ಬರೆಯಬೇಡ’ ಎಂದರು ಅಮ್ಮಿ. ಮರುದಿನ ಫಜ್ರ್ ನಮಾಝಿನ ನಂತರ ಅವರೇ ಪೆನ್ನು ತಂದು ನನ್ನ ಮುಂದಿಟ್ಟರು.

ನಿಮ್ಮ ಪೆನ್ನು ಎಲ್ಲಿದೆ?