ರತ್ನಾಕರನ ಬಾಗಿಲು

ನಮ್ಮ ಹಿರಿಯರು ಸಮುದ್ರವನ್ನು ರತ್ನಾಕರವೆಂದು ಕರೆದರು. ರತ್ನಗಳ ಗಣಿಯೆಂದು ಇದರ ಅರ್ಥ. ಆದರೆ ಈ ಗಣಿಯ ಬಾಗಿಲು ಎಲ್ಲ ದಿನವೂ ತೆರೆದಿರುವುದಿಲ್ಲ. ತೆರೆದ ದಿನ ಒಳಹೊಕ್ಕವನು ಹೊರಬರುವನೆಂಬ ಭರವಸೆಯೂ ಇಲ್ಲ. ಲೋಹಶೋಧಕ ಯಂತ್ರವನ್ನು ಹಿಡಿದು ಕಡಲ ತಡಿಗೆ ಹೊರಡುವ ಉತ್ಸಾಹಿಗಳು ಇದನ್ನು ಮೊದಲು ತಿಳಿದಿರತಕ್ಕುದು.

ಕಾಪುವಿನ ಸಮೀಪದಲ್ಲಿ ನಮ್ಮ ಮನೆ. ಕಳೆದ ವರ್ಷ ವೈಶಾಖದ ಅಮಾವಾಸ್ಯೆಯಂದು ನೆರೆಮನೆಯ ವೃದ್ಧೆಯೊಬ್ಬರು ಸಮುದ್ರಸ್ನಾನ ಮಾಡುತ್ತಿರುವಾಗ ಕೊರಳ ದಾರವು ಹರಿದು, ಅದರಲ್ಲಿ ಪೋಣಿಸಿದ್ದ ಗತಿಸಿದ ಪತಿಯ ಉಂಗುರವು ಅಲೆಯ ಪಾಲಾಯಿತು. ಜೂನ್ ತಿಂಗಳಲ್ಲಿ ನನ್ನ ಸೋದರಳಿಯನು ರಜೆಗೆಂದು ಬರುವಾಗ ಅಂಥದೊಂದು ಯಂತ್ರವನ್ನು ತಂದನು. ಅದನ್ನು ಕೇಳಿದ ಆ ತಾಯಿ ಏನನ್ನೂ ಬೇಡಲಿಲ್ಲ. ದಿನವೂ ಸಂಜೆ ನಮ್ಮ ಜಗಲಿಗೆ ಬಂದು ಸುಮ್ಮನೆ ಕುಳಿತು ಹೋಗುತ್ತಿದ್ದರು.

ಹುಡುಗನ ತರ್ಕವು ಸರಿಯಾಗಿಯೇ ಇದ್ದಿತು. ಬೇಸಗೆಯ ಸೌಮ್ಯವಾದ ಅಲೆಗಳು ಮರಳನ್ನು ದಡಕ್ಕೆ ತಂದು ಪೇರಿಸುವುವು. ಮಳೆಗಾಲದ ಅಲೆಗಳು ಅದನ್ನೇ ಕೊರೆದು ಒಯ್ಯುವುವು. ಮರಳಿನ ಕಣವು ನೀರಿಗಿಂತ ಎರಡೂವರೆ ಪಾಲಿಗಿಂತ ತುಸು ಹೆಚ್ಚು ಭಾರ. ಚಿನ್ನವಾದರೋ ಸುಮಾರು 19 ಪಾಲು. ಆದುದರಿಂದ ಮರಳು ತೊಳೆದುಹೋದರೂ ಭಾರವಾದ ವಸ್ತುವು ಹಿಂದುಳಿಯುವುದು. ಅಮೆರಿಕದ ಫ್ಲಾರಿಡಾ ತೀರದಲ್ಲಿ 1715ರ ಚಂಡಮಾರುತಕ್ಕೆ ಸಿಕ್ಕಿ ಸ್ಪೇನ್ ದೇಶದ 11 ಹಡಗುಗಳು ನಾಶವಾದುವು. ಬಿರುಗಾಳಿ ದಡವನ್ನು ಕೊರೆದ ತರುವಾಯ ಅವುಗಳ ನಾಣ್ಯಗಳು ಅಲ್ಲಿ ಈಗಲೂ ದೊರೆಯುವುದುಂಟು.

"ಮಾವಾ, ಮರಳು ಕೊರೆದಿದೆ, ಇಂದೇ ಹೋಗಬೇಕು" ಎಂದನು.

"ನಿಜವಪ್ಪ, ಉಂಗುರಕ್ಕೆ ಅನುಕೂಲವಾದ ದಿನವಿದು; ನಿನಗಲ್ಲ" ಎಂದೆನು.

ಅವನನ್ನು ದಿಬ್ಬದ ಮೇಲೆ ನಿಲ್ಲಿಸಿ ನೀರನ್ನು ತೋರಿಸಿದೆನು. ಎರಡು ಕಡೆಗಳಲ್ಲಿ ನೊರೆಯೆದ್ದು ಅಲೆಗಳು ಮುರಿಯುತ್ತಿರಲು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಪ್ಪಗೆ ಕಾಣುತ್ತಿದ್ದಿತು. ಅರಿಯದವನು ಅಲ್ಲಿಯೇ ಇಳಿಯುವನು. ಆದರೆ ದಡಕ್ಕೆ ಬಂದ ನೀರೆಲ್ಲವೂ ಹಿಂದಿರುಗುವ ದಾರಿ ಅದೇ. ಒಳ್ಳೆಯ ಈಜುಗಾರನನ್ನೂ ಎಳೆದೊಯ್ಯಬಲ್ಲುದು. ಅವನು ಬಹಳ ಹೊತ್ತು ನೋಡಿ, ಯಂತ್ರವನ್ನು ಚೀಲಕ್ಕೆ ಹಾಕಿದನು. ಆ ಸಂಜೆ ಜಗಲಿಯ ಕಡೆಗೆ ಮುಖವೆತ್ತಿ ನೋಡುವುದು ನಮ್ಮಿಬ್ಬರಿಗೂ ಕಷ್ಟವಾಯಿತು.

ಮಹಾಲಯ ಅಮಾವಾಸ್ಯೆಗೆ ಅವನು ಪುನಃ ಬಂದನು. ಕಡಲು ತಣಿದಿದ್ದಿತು, ಹೊಸ ಮರಳು ಇನ್ನೂ ಪೂರ್ತಿಯಾಗಿ ಮುಚ್ಚಿರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನ ದಿನಗಳಲ್ಲಿ ಇಳಿತವು ಹೆಚ್ಚು. ಅದರ ವೇಳೆಯು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದು. ಇದನ್ನು ಲೆಕ್ಕ ಹಾಕಿ, ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ, ಏರತೊಡಗಿದೊಡನೆ ಹಿಂದಿರುಗಿದೆವು. ಕಲ್ಲುಹರಳು, ಕಪ್ಪೆಚಿಪ್ಪುಗಳು ಕೂಡಿದ ತಗ್ಗುಗಳಲ್ಲಿಯೇ ಹುಡುಕಿದೆವು. ಏಕೆಂದರೆ ಭಾರವಾದುವು ಒಟ್ಟುಗೂಡುವ ಠಾವು ಅದು. ಉಪ್ಪುನೀರಿನ ಒದ್ದೆಯೂ ಕಬ್ಬಿಣದ ಅಂಶವುಳ್ಳ ಕರಿಮರಳೂ ಯಂತ್ರದಿಂದ ಸುಳ್ಳು ದನಿ ಹೊರಡಿಸುವುದರಿಂದ, ಅದರ ಪ್ರತಿಯೊಂದು ಕೂಗನ್ನೂ ನಂಬಲಾಗದು.

ಮೂರು ದಿನಗಳಲ್ಲಿ ಬಾಟಲಿಯ ಮುಚ್ಚಳಗಳು, ತುಕ್ಕುಹಿಡಿದ ಮೊಳೆಗಳು, ಕೆಲವು ನಾಣ್ಯಗಳು, ಯಾರದೋ ಬೆಳ್ಳಿಯ ಕಾಲುಂಗುರ ದೊರೆತುವು. ಆ ಉಂಗುರ ಮಾತ್ರ ದೊರೆಯಲಿಲ್ಲ. ತಿಳಿಸಿದಾಗ ಆ ತಾಯಿ ಹುಡುಗನ ತಲೆಯನ್ನು ಸವರಿ, "ನೀನು ಮಳೆಗಾಲದಲ್ಲಿ ಹೋಗಲಿಲ್ಲವಲ್ಲ ಮಗಾ, ಅದೇ ನನಗೆ ದೊಡ್ಡದು" ಎಂದರು.

ಕಾಲುಂಗುರದ ಒಡತಿಯನ್ನು ವಿಚಾರಿಸಿ, ತಿಳಿಯದಿರಲು ಠಾಣೆಗೆ ಒಪ್ಪಿಸಿದೆವು. ನೆಲದಲ್ಲಿ ಹುದುಗಿದ ನಿಧಿಯು 10 ರೂಪಾಯಿಗೆ ಮೀರಿದ್ದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿತು. ಶಾಕುಂತಲದ ಬೆಸ್ತನು ಮೀನಿನ ಹೊಟ್ಟೆಯಲ್ಲಿ ಉಂಗುರ ಕಂಡು ಕಾವಲುಗಾರರ ಕೈಗೆ ಸಿಕ್ಕಿದುದನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಸಮುದ್ರವೆಂಬ ಶಬ್ದಕ್ಕೆ 'ಮುದ್ರೆಯೊಡನೆ, ಎಂದರೆ ಮರ್ಯಾದೆಯೊಡನೆ ಇರುವುದು' ಎಂಬ ವ್ಯುತ್ಪತ್ತಿಯುಂಟು. ಅದರ ಎಲ್ಲೆಯನ್ನು ಅದು ಬಲ್ಲುದು. ನಮ್ಮ ಎಲ್ಲೆಯನ್ನು ನಾವು ಬಲ್ಲೆವಾದರೆ, ಬರಿಗೈಯಲ್ಲಿ ಮನೆಗೆ ಬಂದ ದಿನವೂ ನಷ್ಟದ ದಿನವಲ್ಲ.