ಮುರಿಯುವ ಸರದಿ ಯಾರದು?

ರಿಮೋಟ್ ಕಾರಿನ ಮೋಟಾರು ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿದರೆ ಮುಗಿಯಿತು. ಆದರೆ ಹೆಚ್ಚಿದ ಶಕ್ತಿ ಮೋಟಾರಿನಲ್ಲೇ ಕೂತಿರುವುದಿಲ್ಲ. ಅದು ಗೇರಿಗೆ, ಗೇರಿನಿಂದ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಅಚ್ಚಿಗೆ, ಅಚ್ಚಿನಿಂದ ಚಕ್ರಕ್ಕೆ ದಾಟಿ ಕೊನೆಗೆ ನೆಲ ಮುಟ್ಟಬೇಕು. ಆ ದಾರಿಯಲ್ಲಿ ಯಾವುದು ತಾಳುತ್ತದೆ, ಯಾವುದು ಮುರಿಯುತ್ತದೆ ಎಂಬುದೇ ನಿಜವಾದ ಕಥೆ.

ಅಕ್ಕನ ಮಗ ಪಿಯುಸಿ ಮುಗಿಸಿದ ರಜೆಯಲ್ಲಿ ತನ್ನ ಬಗ್ಗಿಗೆ ಈ ಚಿಕಿತ್ಸೆ ಮಾಡಲು ದೀಪಾಂಜಲಿ ನಗರದ ನಮ್ಮ ಮನೆಗೆ ಬಂದ. ಬಗ್ಗಿಯೆಂದರೆ ಮಣ್ಣಿನಲ್ಲಿ ಓಡುವ, ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಮೊಣಕೈಯುದ್ದದ ಕಾರು. ಅದರಲ್ಲಿದ್ದದ್ದು 540 ಎಂದು ಕರೆಯುವ ಬ್ರಶ್ ಮೋಟಾರು. ಇಂಗಾಲದ ಎರಡು ಪುಟ್ಟ ತುಂಡುಗಳು ತಿರುಗುವ ತಾಮ್ರವನ್ನು ಉಜ್ಜುತ್ತಾ ವಿದ್ಯುತ್ ದಾಟಿಸುತ್ತವೆ. ಉಜ್ಜಿ ಉಜ್ಜಿ ಸವೆಯುತ್ತವೆ. ಎಸ್.ಪಿ. ರಸ್ತೆಯಿಂದ ತಂದ ಹೊಸ ಬ್ರಶ್‌ಲೆಸ್ ಮೋಟಾರಿನಲ್ಲಿ ಈ ಉಜ್ಜಾಟವಿಲ್ಲ. ಸುರುಳಿಗಳು ಸುತ್ತ ನಿಂತಿರುತ್ತವೆ, ನಡುವೆ ಅಯಸ್ಕಾಂತ ತಿರುಗುತ್ತದೆ. ಮೂರು ತಂತಿಗಳಲ್ಲಿ ಸರದಿಯಂತೆ ವಿದ್ಯುತ್ ಕಳಿಸುವುದು ಇಎಸ್‌ಸಿ ಎಂಬ ಪೆಟ್ಟಿಗೆಯ ಕೆಲಸ. ಎರಡರ ವ್ಯಾಸವೂ ಸುಮಾರು 36 ಮಿಲಿಮೀಟರ್, ಹಾಗಾಗಿ ಜಾಗದ ತಕರಾರಿಲ್ಲ. ಹೊಸದರ ಮೈಮೇಲೆ 3300 ಕೆವಿ ಎಂದಿತ್ತು. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 7.4 ವೋಲ್ಟಿನ ಬ್ಯಾಟರಿಗೆ, ಹೊರೆಯಿಲ್ಲದಾಗ, 24 ಸಾವಿರ ಸುತ್ತಿಗೂ ಹೆಚ್ಚು.

ಬೆಂಗಳೂರಿಗೆ ಇಂಥ ಬದಲಾವಣೆ ಹೊಸದಲ್ಲ. 2001ರಲ್ಲಿ ರಸ್ತೆಗಿಳಿದ ನಮ್ಮೂರ ರೇವಾ ಕಾರು ಮೊದಲು ಡಿಸಿ ಮೋಟಾರಿನಲ್ಲಿ ಓಡುತ್ತಿತ್ತು. ಮುಂದೆ ರೇವಾ-ಐ ಆದಾಗ ಮೂರು ಫೇಸಿನ ಎಸಿ ಮೋಟಾರಿಗೆ ಬಂತು. 2015ರ ನವೆಂಬರಿನಿಂದ ನಮ್ಮ ತಾರಸಿಯೆದುರು ಓಡುತ್ತಿರುವ ನೇರಳೆ ಮಾರ್ಗದ ಮೆಟ್ರೋ ಕೂಡ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಪಡೆದು, ಅದನ್ನು ಎಸಿಯಾಗಿ ಬದಲಿಸಿ ಮೋಟಾರು ತಿರುಗಿಸುತ್ತದೆ. ಅದು ನಿಲ್ದಾಣ ಬಿಡುವುದನ್ನು ಗಮನಿಸಿ ನೋಡಿ: ಜಗ್ಗುವುದಿಲ್ಲ, ಮೆಲ್ಲಗೆ ಎಳೆದುಕೊಳ್ಳುತ್ತದೆ.

ನಮ್ಮ ಬಗ್ಗಿ ಜಗ್ಗಿತು. ಹಿಂದಿನ ಖಾಲಿ ಸೈಟಿನಲ್ಲಿ ಮೂರನೇ ಸಲ ಟ್ರಿಗರ್ ಒತ್ತಿದಾಗ ಕರ್ರ್ ಎಂಬ ಸದ್ದು. ಮೋಟಾರು ತಿರುಗುತ್ತಿದೆ, ಗಾಡಿ ನಿಂತಿದೆ. ಬಿಚ್ಚಿದರೆ, 64 ಹಲ್ಲಿನ ಪ್ಲಾಸ್ಟಿಕ್ ಗೇರಿನ ಒಂದು ಮಗ್ಗುಲು ಬೋಳು.

"ಉಕ್ಕಿಂದು ಹಾಕೋಣ" ಎಂದ ಹುಡುಗ.

ಅಪ್ಪ ಕನ್ನಡಕ ಏರಿಸಿಕೊಂಡರು. ಮೂವತ್ತು ವರ್ಷ ಲೇತಿನ ಮುಂದೆ ನಿಂತವರು. ಅದಕ್ಕೂ ಮೊದಲು ಮಾಗಡಿ ಕಡೆ ಎತ್ತಿನ ಗಾಡಿ ಹೊಡೆದವರು. "ಎತ್ತು ಬದಲಾಯಿಸಿದ್ರೆ ನೊಗಾನೂ ನೋಡ್ಬೇಕು, ಅಚ್ಚೂ ನೋಡ್ಬೇಕು. ಕೀಲೆಣ್ಣೆ ಹಾಕಿದೀಯ?" ಗೇರು ಉಕ್ಕಿನದಾದರೆ ಪೆಟ್ಟು ಡಿಫರೆನ್ಷಿಯಲ್‌ಗೆ ಬೀಳುತ್ತದೆ, ಅದನ್ನೂ ಗಟ್ಟಿ ಮಾಡಿದರೆ ಅಚ್ಚಿಗೆ ಬೀಳುತ್ತದೆ ಎಂದು ವಿವರಿಸಿದರು. ಅವರ ಲೇತಿನಲ್ಲಿ ಬೇಕೆಂದೇ ಮೆದುವಾಗಿ ಮಾಡಿದ ಒಂದು ಪಿನ್ನು ಇತ್ತಂತೆ. ಟೂಲು ಕಚ್ಚಿಕೊಂಡರೆ ಪಿನ್ನು ತುಂಡಾಗಿ ಲೇತು ಉಳಿಯುತ್ತಿತ್ತು. "ಎಲ್ಲಿ ಮುರೀಬೇಕು ಅಂತ ನಾವೇ ಗೊತ್ತು ಮಾಡಿಡ್ಬೇಕು" ಎಂದರು.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೇಳಿದಳು, "ಆ ಪಿನ್ನಿಗೆ ಎಷ್ಟು?"

"ಆವಾಗ ಎರಡು ರೂಪಾಯಿ."

"ಮತ್ತೆ! ಅದಕ್ಕೇ ಅದನ್ನ ಅಲ್ಲಿ ಇಟ್ಟಿರ್ತಾರೆ."

ಅಪ್ಪ ಏನೂ ಹೇಳಲಿಲ್ಲ. ಮನೆ ಕಟ್ಟಲು ಮಾಡಿದ ಸಾಲ, ಅಕ್ಕನ ಮದುವೆ, ನನ್ನ ಓದು: ಒಂದೊಂದೂ ಈ ಮನೆಯನ್ನು ಮುಂದಕ್ಕೆ ತಳ್ಳಿದ ಬಲ. ಆ ಬಲ ನೆಲ ಮುಟ್ಟುವ ದಾರಿಯಲ್ಲಿ ಪ್ರತಿ ಸಲವೂ ಅಮ್ಮ ಇದ್ದಳು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಇನ್ನೆರಡು ಗಂಟೆ, ಕತ್ತಿನ ಸರ ಅಡವಿಗೆ, "ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಎಂಬ ಮಾತು. ಇವತ್ತು ಅವಳ ಬಲಗೈ ಕಿವಿಯ ಎತ್ತರಕ್ಕೆ ಏಳುವುದಿಲ್ಲ. ಮೆದುವಾದದ್ದು ದುರ್ಬಲವೆಂದಲ್ಲ, ಉಳಿದವುಗಳ ಪೆಟ್ಟನ್ನು ತಾನು ತಿನ್ನುವುದು ಅದರ ಪಾಲಿಗೆ ಬಂದ ಕೆಲಸ. ಗೇರಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಮರುದಿನ ಹುಡುಗ ಹೊಸ ಪ್ಲಾಸ್ಟಿಕ್ ಗೇರನ್ನೇ ತಂದ. ಎರಡು ಗೇರುಗಳ ನಡುವೆ ತೆಳ್ಳನೆಯ ಬಸ್ ಟಿಕೆಟ್ ಸಿಕ್ಕಿಸಿ, ಹಲ್ಲು ಕೂಡಿಸಿ, ಸ್ಕ್ರೂ ಬಿಗಿದು, ಟಿಕೆಟ್ ಎಳೆದು ತೆಗೆದ; ಅಷ್ಟು ಸಂದು ಇರಬೇಕು. ಮೋಟಾರು ಕಾಯದಿರಲಿ ಎಂದು ಅದರ ಮೂತಿಯ ಪಿನಿಯನ್ನನ್ನು 26 ಹಲ್ಲಿನಿಂದ 21ಕ್ಕೆ ಇಳಿಸಿದ. ಆಮೇಲೆ ಯಾರೂ ಹೇಳದೆ ಇನ್ನೊಂದು ಕೆಲಸ ಮಾಡಿದ: ಇಎಸ್‌ಸಿಯಲ್ಲಿ ಹೊರಡುವ ರಭಸವನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ತಂದ.

ಯಾವುದು ಮುರಿಯಬೇಕೆಂದು ಮೊದಲೇ ಆರಿಸಿಡುವುದು ಒಂದು ಜಾಣತನ. ಪೆಟ್ಟನ್ನೇ ಕಡಿಮೆ ಮಾಡುವುದು ಇನ್ನೊಂದು. ಅದಕ್ಕೆ ಬಲವಿರುವವರು ತಮ್ಮ ರಭಸವನ್ನು ಸ್ವಲ್ಪ ಬಿಟ್ಟುಕೊಡಬೇಕು. ಬಗ್ಗಿ ಈಗ ಮೆಲ್ಲಗೆ ಹೊರಟು, ಆಮೇಲೆ ಹಾರುತ್ತದೆ. ಗೇರು ಎರಡು ತಿಂಗಳಿಂದ ಗಟ್ಟಿಯಾಗಿದೆ. ಈ ಸಲ ಅಡ್ಜಸ್ಟ್ ಮಾಡಿಕೊಂಡದ್ದು ಮೋಟಾರು.